ಲಂಡನ್‌ಗಿಂತ ಬೆಂಗಳೂರಲ್ಲೇ ಮಳೆ ಜಾಸ್ತಿ, ಮತ್ತೆ ಅಲ್ಲಿ ಯಾವಾಗ್ಲೂ ಮಳೆ ಅಂತಾರಲ್ಲ ಯಾಕೆ?

ಈಗೀಗ ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಒಬ್ಬರಾದ್ರೂ ವಾಯುವ್ಯ ಯುರೋಪಲ್ಲಿದ್ದಾರೆ, ಮಗಳು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಮಾಸ್ಟರ್ಸ್ ಮಾಡ್ತಿದ್ದಾಳೆ, ತಮ್ಮ ನೆದರ್ಲೆಂಡ್ಸ್‌ನ ಐಂಡ್‌ಹೋವನ್‌ನಲ್ಲಿ ಕೆಲಸಕ್ಕಿದ್ದಾನೆ, ಪಕ್ಕದ ಮನೆಯವರ ಸೊಸೆ ಡಬ್ಲಿನ್‌ನಲ್ಲಿ ನರ್ಸು. ಫೋನ್ ಮಾಡಿದ್ರೆ ಊಟ ಆಯ್ತಾ ಅನ್ನೋದಾದ್ಮೇಲೆ ಬರೋ ಮಾತು ಒಂದೇ, "ಇಲ್ಲಿ ಮತ್ತೆ ಮಳೆ ಕಣಮ್ಮ". ಹೋಗಿರೋರು ಯಾರೂ ಇಲ್ಲದ ಮನೆಗೂ ಆ ಮಳೆ ಕ್ರಿಕೆಟ್ ಮೂಲಕ ಬಂದು ಮುಟ್ಟಿದೆ. 2019ರ ವರ್ಲ್ಡ್ ಕಪ್ ಸೆಮಿಫೈನಲ್ ಮ್ಯಾಂಚೆಸ್ಟರ್‌ನಲ್ಲಿ ಜುಲೈ 9ಕ್ಕೆ ಶುರುವಾಗಿ ಮಳೆಗೆ ನಿಂತು ಮಾರನೇ ದಿನ ಮುಗೀತು, 2021ರ ಟೆಸ್ಟ್ ಚಾಂಪಿಯನ್‌ಶಿಪ್ ಫೈನಲ್‌ನಲ್ಲಿ ಸೌತಾಂಪ್ಟನ್‌ನಲ್ಲಿ ಎರಡು ದಿನ ಪೂರ್ತಿ ಒಂದು ಬಾಲೂ ಹಾಕೋಕಾಗ್ಲಿಲ್ಲ. ಜೂನ್-ಜುಲೈ ಅಂದ್ರೆ ಅವರಿಗೆ ಬೇಸಿಗೆ, ಬೇಸಿಗೇಲೂ ಹೀಗಾ ಅಂತ ಅವತ್ತು ಎಲ್ರಿಗೂ ಅನ್ಸಿರತ್ತೆ.

ಈ ಮಳೆ ಎಲ್ಲಿಂದ ಬರತ್ತೆ, ಯಾಕೆ ಹಾಗೆ ಬರತ್ತೆ, ಮತ್ತೆ ಈಚೆಗೆ ಒಂದು ವರ್ಷ ಬರ ಇನ್ನೊಂದು ವರ್ಷ ಪ್ರವಾಹ ಅಂತ ಸುದ್ದಿ ಬರ್ತಿದೆಯಲ್ಲ ಅದೇನು, ಇಷ್ಟನ್ನ ಬುಡದಿಂದ ಬಿಡಿಸಿ ನೋಡೋಣ. ವಾಯುವ್ಯ ಯುರೋಪ್ ಅಂತ ಇಲ್ಲಿ ಹೇಳ್ತಿರೋದು ಐರ್ಲೆಂಡ್, ಬ್ರಿಟನ್, ನೆದರ್ಲೆಂಡ್ಸ್, ಬೆಲ್ಜಿಯಂ, ಡೆನ್ಮಾರ್ಕ್, ಜರ್ಮನಿ ಮತ್ತು ಫ್ರಾನ್ಸಿನ ಉತ್ತರದ ಭಾಗ, ನಾರ್ವೆಯ ಪಶ್ಚಿಮ ಕರಾವಳಿ. ಅಂದ್ರೆ ಅಟ್ಲಾಂಟಿಕ್ ಸಮುದ್ರದ ಗಾಳಿ ನೇರವಾಗಿ ಬಂದು ಬಡಿಯೋ ಜಾಗ.

ನಿಜಕ್ಕೂ ಎಷ್ಟು ಮಳೆ?

ಮಳೇನ ಮಿಲಿಮೀಟರ್‌ನಲ್ಲಿ ಅಳೀತಾರೆ. ಒಂದು ಮಿ.ಮೀ. ಮಳೆ ಅಂದ್ರೆ ಒಂದು ಚದರ ಮೀಟರ್ ನೆಲದ ಮೇಲೆ ಒಂದು ಲೀಟರ್ ನೀರು ಬಿತ್ತು ಅಂತ. ಈ ಲೆಕ್ಕದಲ್ಲಿ ಲಂಡನ್‌ಗೆ ವರ್ಷಕ್ಕೆ ಬೀಳೋದು ಸುಮಾರು 600 ಮಿ.ಮೀ. ಬೆಂಗಳೂರಿಗೆ ಹೆಚ್ಚುಕಮ್ಮಿ 970. ಡಬ್ಲಿನ್‌ಗೆ 750ರ ಆಸುಪಾಸು, ನೆದರ್ಲೆಂಡ್ಸ್‌ಗೆ ಸರಾಸರಿ 850. ನಮ್ಮ ಮಂಗಳೂರಿಗೆ 3500ಕ್ಕೂ ಮೇಲೆ, ಅದರ ಮುಂದೆ ಇವೆಲ್ಲ ಲೆಕ್ಕಕ್ಕೇ ಇಲ್ಲ. ಹಾಗಾದ್ರೆ ಅಲ್ಲಿರೋರು ಸುಳ್ಳು ಹೇಳ್ತಿದ್ದಾರಾ ಅಂದ್ರೆ ಅದೂ ಇಲ್ಲ, ಅವರು ಹೇಳೋದು ದಿನಗಳ ಲೆಕ್ಕ, ನಾವು ಹೋಲಿಸ್ತಿರೋದು ನೀರಿನ ಲೆಕ್ಕ.

2022ರ ಸೆಪ್ಟೆಂಬರ್ ಮೊದಲ ವಾರ ನೆನಪಿದ್ಯಾ, ಬೆಳ್ಳಂದೂರು ಕಡೆ ಟ್ರ್ಯಾಕ್ಟರ್‌ನಲ್ಲಿ ಆಫೀಸಿಗೆ ಹೋದ್ರಲ್ಲ ಜನ, ಆ ಒಂದು ರಾತ್ರಿ ಬೆಂಗಳೂರಿನಲ್ಲಿ 130 ಮಿ.ಮೀ.ಗೂ ಮೀರಿ ಮಳೆ ಬಿತ್ತು. ಅಷ್ಟು ನೀರು ಲಂಡನ್‌ನಲ್ಲಿ ಬೀಳೋಕೆ ಎರಡು ತಿಂಗಳ ಮೇಲೆ ಬೇಕು. ನೆದರ್ಲೆಂಡ್ಸ್‌ನಲ್ಲಿ ಒಂದು ದಿನದಲ್ಲಿ 50 ಮಿ.ಮೀ. ದಾಟಿದ್ರೆ ಅದನ್ನ ಭಾರಿ ಮಳೆ ದಿನ ಅಂತ ಬರೆದಿಡ್ತಾರೆ, ನಮ್ಮ ಹವಾಮಾನ ಇಲಾಖೆ ಭಾರಿ ಮಳೆ ಅನ್ನೋಕೆ 64.5 ಮಿ.ಮೀ. ಆಗ್ಬೇಕು, ಅದೂ ಕರಾವಳಿಯವರಿಗೆ ಜೂನ್-ಜುಲೈನಲ್ಲಿ ವಿಶೇಷ ಏನಲ್ಲ.

ಇನ್ನೊಂದು ವಿಷಯ ಇದೆ, ಮಳೆ ದಿನ ಅಂದ್ರೇನೇ ಎರಡೂ ಕಡೆ ಬೇರೆ. ನಮ್ಮಲ್ಲಿ ಕನಿಷ್ಠ 2.5 ಮಿ.ಮೀ. ಬಿದ್ರೆ ಮಾತ್ರ ಅದು ಮಳೆ ದಿನ, ಅಲ್ಲಿ 1 ಮಿ.ಮೀ. ಸಾಕು. ಆ ಅಳತೇಲಿ ಲಂಡನ್‌ಗೆ ವರ್ಷಕ್ಕೆ ಸುಮಾರು 110 ಮಳೆ ದಿನ, ಐರ್ಲೆಂಡಿನ ಪೂರ್ವ ಕರಾವಳಿಗೆ 150ರಷ್ಟು, ಅದೇ ಐರ್ಲೆಂಡಿನ ಪಶ್ಚಿಮಕ್ಕೆ ಹೋದ್ರೆ 225ರ ಹತ್ತಿರ. ನಾರ್ವೆಯ ಬರ್ಗೆನ್ ಅನ್ನೋ ಊರಲ್ಲಿ 200 ದಿನಕ್ಕೂ ಹೆಚ್ಚು, ಅಲ್ಲಿ 2006ರ ಅಕ್ಟೋಬರ್ ಕೊನೆಯಿಂದ 2007ರ ಜನವರಿವರೆಗೆ ಒಂದು ದಿನಾನೂ ಬಿಡದೆ 85 ದಿನ ಮಳೆ ಬಂದ ದಾಖಲೆ ಇದೆ. ನಮ್ಮ ಹಾಗೆ ಜೂನ್‌ನಲ್ಲಿ ಮುಂಗಾರು, ಅಕ್ಟೋಬರ್‌ನಲ್ಲಿ ಹಿಂಗಾರು, ಆಮೇಲೆ ಮೂರ್ನಾಲ್ಕು ತಿಂಗಳು ಒಣ ಅನ್ನೋ ವ್ಯವಸ್ಥೆ ಅಲ್ಲಿಲ್ಲ. ಲಂಡನ್‌ನಲ್ಲಿ ಹನ್ನೆರಡೂ ತಿಂಗಳು ಹೆಚ್ಚುಕಮ್ಮಿ ಒಂದೇ ಸಮ, ಅಕ್ಟೋಬರ್ ನವೆಂಬರ್‌ನಲ್ಲಿ ಸ್ವಲ್ಪ ಜಾಸ್ತಿ ಅಷ್ಟೇ. ಸ್ಕಾಟ್ಲೆಂಡಿನ ಪಶ್ಚಿಮದಲ್ಲಿ ಮಾತ್ರ ಡಿಸೆಂಬರ್-ಜನವರಿ ತುಂಬಾ ಜೋರು, ಏಪ್ರಿಲ್-ಮೇ ಸ್ವಲ್ಪ ಬಿಡುವು, ಹಾಗಾಗಿ ಅಪ್ಪ ಅಮ್ಮ ಮಕ್ಕಳನ್ನ ನೋಡೋಕೆ ಹೋಗೋದಾದ್ರೆ ಮೇ ತಿಂಗಳು ಒಳ್ಳೇದು ಅಂತ ನನ್ನ ಸಲಹೆ.

ಬೀಳೋ ರೀತಿನೂ ಬೇರೆ. ನಮ್ಮಲ್ಲಿ ಬೆಳಗ್ಗೆಯೆಲ್ಲ ನೆಲ ಕಾದು, ಬಿಸಿ ಗಾಳಿ ನೆಟ್ಟಗೆ ಮೇಲೆದ್ದು, ಸಂಜೆ ಹೊತ್ತಿಗೆ ಹತ್ತು ಹದಿನೈದು ಕಿಲೋಮೀಟರ್ ಎತ್ತರದ ಮೋಡ ಕಟ್ಟಿ ಗುಡುಗು ಸಿಡಿಲು ಸಮೇತ ಒಂದು ಗಂಟೇಲಿ ಸುರಿದು ಖಾಲಿ ಆಗತ್ತೆ. ಅಲ್ಲಿ ಹೆಚ್ಚಿನ ಸಲ ಗಾಳಿ ನೆಟ್ಟಗೆ ಏಳಲ್ಲ, ಓರೆಯಾಗಿ ನಿಧಾನಕ್ಕೆ ಹತ್ತತ್ತೆ, ನೂರಾರು ಕಿಲೋಮೀಟರ್ ಅಗಲದ ತೆಳು ಹೊದಿಕೆ ಥರ ಮೋಡ ಹರಡ್ಕೊಂಡು ಗಂಟೆಗಟ್ಟಲೆ ಜಿಟಿಜಿಟಿ ಹಿಡಿಯತ್ತೆ. ನಾಲ್ಕು ಗಂಟೆ ಸೋನೆ ಮಳೆ ಬಂದ್ರೂ ಅಳತೆ ಪಾತ್ರೇಲಿ ಎರಡು ಮೂರು ಮಿ.ಮೀ. ಇರತ್ತೆ ಅಷ್ಟೇ, ಆದ್ರೆ ಹೊರಗೆ ನಡೆದು ಬಂದವರ ಸಾಕ್ಸ್ ಪೂರ್ತಿ ನೆಂದಿರತ್ತೆ.

ಮಳೆ ಬರೋ ದಾರಿ

ಭೂಮಧ್ಯರೇಖೆ ಕಡೆ ಬಿಸಿ, ಧ್ರುವದ ಕಡೆ ಚಳಿ. ಈ ಎರಡು ಗಾಳಿ ಎಲ್ಲೋ ಒಂದು ಕಡೆ ಎದುರುಬದುರು ಆಗ್ಲೇಬೇಕು, ಅಟ್ಲಾಂಟಿಕ್ ಮೇಲೆ ಅದು ಆಗೋದು ಹೆಚ್ಚಾಗಿ 40ರಿಂದ 60 ಡಿಗ್ರಿ ಅಕ್ಷಾಂಶದ ನಡುವೆ. ಲಂಡನ್ ಇರೋದು 51.5 ಡಿಗ್ರಿ, ಬರ್ಗೆನ್ 60 ಡಿಗ್ರಿ, ಅಂದ್ರೆ ಸರಿಯಾಗಿ ಆ ದಾರೀಲೇ. ಬಿಸಿ ಗಾಳಿ ಹಗುರ, ತಣ್ಣನೆ ಗಾಳಿ ಭಾರ, ಎರಡೂ ಸುಲಭಕ್ಕೆ ಬೆರೆಯಲ್ಲ, ನಡುವೆ ಒಂದು ಗಡಿ ಹುಟ್ಕೊಳ್ಳತ್ತೆ. ಆ ಗಡಿಯ ಮೇಲೆ, ಸುಮಾರು ಹತ್ತು ಕಿಲೋಮೀಟರ್ ಎತ್ತರದಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ಒಂದು ವೇಗದ ಗಾಳಿ ಹರೀತಾ ಇರತ್ತೆ, ಅದೇ ಜೆಟ್ ಸ್ಟ್ರೀಮ್. ಚಳಿಗಾಲದಲ್ಲಿ ಅದರ ವೇಗ ಗಂಟೆಗೆ 300 ಕಿಲೋಮೀಟರ್ ದಾಟೋದೂ ಉಂಟು. 2020ರ ಫೆಬ್ರವರಿಯಲ್ಲಿ ಇಂಥ ಒಂದು ಗಾಳಿ ಬೆನ್ನಿಗೆ ಸಿಕ್ಕಿ ಒಂದು ಪ್ಯಾಸೆಂಜರ್ ವಿಮಾನ ನ್ಯೂಯಾರ್ಕ್‌ನಿಂದ ಲಂಡನ್‌ಗೆ ಐದು ಗಂಟೆಯೊಳಗೇ ಬಂದು ಇಳೀತು, ಸಾಮಾನ್ಯವಾಗಿ ಆರೂವರೆ ಏಳು ಗಂಟೆ ಬೇಕು.

ಆ ಗಡಿ ನೇರ ಗೆರೆ ಹಾಗೆ ನಿಲ್ಲಲ್ಲ, ಅಲೆ ಅಲೆಯಾಗಿ ಬಾಗತ್ತೆ, ಬಾಗಿದ ಕಡೆ ಗಾಳಿ ಸುತ್ತೋಕೆ ಶುರು ಮಾಡತ್ತೆ, ಮಧ್ಯದಲ್ಲಿ ಒತ್ತಡ ಕಡಿಮೆ ಆಗತ್ತೆ. ಇದನ್ನ ವಾಯುಭಾರ ಕುಸಿತ ಅಂತ ನಮ್ಮ ಟೀವಿಯವರೂ ಹೇಳ್ತಾರೆ, ಆದ್ರೆ ಬಂಗಾಳ ಕೊಲ್ಲಿಯಲ್ಲಿ ಏಳೋ ಚಂಡಮಾರುತಕ್ಕೂ ಇದಕ್ಕೂ ವ್ಯತ್ಯಾಸ ಇದೆ. ನಮ್ಮದು ಬೆಚ್ಚಗಿನ ಸಮುದ್ರದ ಆವಿಯಿಂದ ಶಕ್ತಿ ತಗೊಳ್ಳತ್ತೆ, ಅವರದು ಮುಖ್ಯವಾಗಿ ಬಿಸಿ-ತಂಪು ಗಾಳಿಗಳ ನಡುವಿನ ವ್ಯತ್ಯಾಸದಿಂದ, ಅದಕ್ಕೇ ಆ ವ್ಯತ್ಯಾಸ ದೊಡ್ಡದಾಗಿರೋ ಚಳಿಗಾಲದಲ್ಲೇ ಅವು ಜೋರು. ಹುಟ್ಟಿದ ಕುಸಿತವನ್ನ ಜೆಟ್ ಸ್ಟ್ರೀಮ್ ಪೂರ್ವಕ್ಕೆ ತಳ್ಕೊಂಡು ಹೋಗತ್ತೆ. ಕೆನಡಾ ಪಕ್ಕದಲ್ಲಿ ಹುಟ್ಟಿದ್ದು ಎರಡು ಮೂರು ದಿನಕ್ಕೆ ಐರ್ಲೆಂಡ್ ತಲುಪತ್ತೆ, ಅದು ದಾಟೋಷ್ಟರಲ್ಲಿ ಹಿಂದೆ ಇನ್ನೊಂದು ರೆಡಿ.

ಈ ಗಡಿಯ ವಿಚಾರ ಮೊದಲು ಬಿಡಿಸಿದ್ದು ಬರ್ಗೆನ್ ಊರಿನಲ್ಲೇ. ವಿಲ್ಹೆಲ್ಮ್ ಬ್ಯೆರ್ಕ್ನೆಸ್ ಅನ್ನೋ ವಿಜ್ಞಾನಿ 1917ರಲ್ಲಿ ಅಲ್ಲಿಗೆ ಬಂದ್ರು, ಅದು ಮೊದಲನೇ ಮಹಾಯುದ್ಧದ ಕಾಲ, ಬೇರೆ ದೇಶಗಳಿಂದ ಬರ್ತಿದ್ದ ಹವಾಮಾನದ ಟೆಲಿಗ್ರಾಮ್‌ಗಳು ನಿಂತುಹೋಗಿದ್ವು, ನಾರ್ವೆಯ ಮೀನುಗಾರರಿಗೂ ರೈತರಿಗೂ ಮುನ್ಸೂಚನೆ ಬೇಕೇ ಬೇಕಿತ್ತು. ಹೊರಗಿನ ಮಾಹಿತಿ ಸಿಗಲ್ಲ ಅಂದಮೇಲೆ ತಮ್ಮ ಪಶ್ಚಿಮ ಕರಾವಳಿ ಉದ್ದಕ್ಕೂ ಹತ್ತಿರ ಹತ್ತಿರದಲ್ಲಿ ವೀಕ್ಷಣಾ ಕೇಂದ್ರಗಳನ್ನ ಹಾಕಿದ್ರು. ಅಷ್ಟು ಒತ್ತೊತ್ತಾಗಿ ಅಳತೆ ಸಿಕ್ಕಿದ್ದರಿಂದಲೇ ಮಳೆ ಎಲ್ಲೆಂದರಲ್ಲಿ ಬೀಳಲ್ಲ, ಬಿಸಿ-ತಂಪು ಗಾಳಿಗಳ ಗಡಿ ಗೆರೆಗಳಿಗೆ ಅಂಟ್ಕೊಂಡು ಬರತ್ತೆ ಅನ್ನೋದು ಕಂಡಿದ್ದು. ಅವರ ಮಗ ಯಾಕೋಬ್ 1919ರಲ್ಲಿ ಇದನ್ನ ಬರೆದು ಪ್ರಕಟಿಸಿದ್ರು. ಇವತ್ತು ಟೀವಿ ಮ್ಯಾಪ್‌ನಲ್ಲಿ ಕೆಂಪು ಅರ್ಧಚಂದ್ರ, ನೀಲಿ ತ್ರಿಕೋನ ಇರೋ ಗೆರೆಗಳು ಕಾಣತ್ತಲ್ಲ, ಅವು ಈ ಗಡಿಗಳೇ, ಇಂಗ್ಲಿಷ್‌ನಲ್ಲಿ ಫ್ರಂಟ್ ಅಂತಾರೆ.

ಒಂದು ಕುಸಿತ ತಲೆ ಮೇಲೆ ಹಾದುಹೋಗುವಾಗ

ಇದನ್ನ ಗೊತ್ತಿಟ್ಕೊಂಡ್ರೆ ಅಲ್ಲಿರೋರು ಆಪ್ ಇಲ್ಲದೇನೂ ಆಕಾಶ ನೋಡಿ ಹೇಳ್ಬಹುದು, ಅದಕ್ಕೇ ಸ್ವಲ್ಪ ವಿವರವಾಗಿ ಬರೀತೀನಿ.

ಮೊದಲು ತುಂಬಾ ಎತ್ತರದಲ್ಲಿ ಹತ್ತಿ ಎಳೆದ ಹಾಗೆ ಬಿಳಿ ಗೀರು ಮೋಡ ಬರತ್ತೆ, ಮಳೆಗೆ ಇನ್ನೂ ಹನ್ನೆರಡು ಗಂಟೆ, ಕೆಲವು ಸಲ ಒಂದು ದಿನವೇ ಬಾಕಿ ಇರತ್ತೆ. ಆಮೇಲೆ ಸೂರ್ಯನಿಗೋ ಚಂದ್ರನಿಗೋ ಸುತ್ತ ಉಂಗುರ ಕಾಣಬಹುದು, ನಮ್ಮ ಅಜ್ಜ ಅಜ್ಜಿಯರು ಚಂದ್ರನಿಗೆ ಕೊಡೆ ಕಟ್ಟಿದೆ ಮಳೆ ಬರತ್ತೆ ಅಂತಿದ್ರಲ್ಲ ಅದೇ. ಮೋಡ ದಪ್ಪ ಆಗ್ತಾ ಕೆಳಗೆ ಇಳೀತಾ ಬೂದು ಬಣ್ಣಕ್ಕೆ ತಿರುಗತ್ತೆ, ಗಾಳಿ ದಕ್ಷಿಣದಿಂದ ಬೀಸತ್ತೆ, ಮಳೆ ಹಿಡೀತು ಅಂದ್ರೆ ನಾಲ್ಕೈದು ಗಂಟೆ ಬಿಡಲ್ಲ. ಇದು ಬೆಚ್ಚನೆ ಗಾಳಿ ತಣ್ಣನೆ ಗಾಳಿಯ ಮೇಲೆ ಹತ್ತಿ ಬರ್ತಿರೋ ಹೊತ್ತು. ಅದು ದಾಟಿದ್ಮೇಲೆ ಗಾಳಿ ನೈರುತ್ಯಕ್ಕೆ ತಿರುಗಿ ಸ್ವಲ್ಪ ಬೆಚ್ಚಗಾಗತ್ತೆ, ಮೋಡ ಇದ್ದೇ ಇರತ್ತೆ, ತುಂತುರು ಬಂದು ಬಂದು ಹೋಗತ್ತೆ. ಆಮೇಲೆ ತಣ್ಣನೆ ಗಾಳಿ ಹಿಂದಿನಿಂದ ಬಂದು ಬೆಚ್ಚನೆಯದನ್ನ ಬುಡದಿಂದ ಎತ್ತಿಬಿಡತ್ತೆ, ಅರ್ಧ ಗಂಟೆ ಒಂದು ಗಂಟೆ ಜೋರು ಮಳೆ, ಗಾಳಿ ದಿಢೀರ್ ಅಂತ ವಾಯುವ್ಯಕ್ಕೆ ತಿರುಗಿ ಚಳಿ ಹತ್ತತ್ತೆ. ನಂತರ ಆಕಾಶ ತೊಳೆದ ಹಾಗೆ ನೀಲಿ, ಅಲ್ಲಲ್ಲಿ ಬಿಡಿ ಮೋಡ, ಹತ್ತು ನಿಮಿಷ ಮಳೆ ಹತ್ತು ನಿಮಿಷ ಬಿಸಿಲು, ಕಾಮನಬಿಲ್ಲು. ಒಂದೇ ದಿನದಲ್ಲಿ ನಾಲ್ಕು ಕಾಲ ನೋಡಿದ್ವಿ ಅಂತ ಅಲ್ಲಿಗೆ ಹೊಸದಾಗಿ ಹೋದವರು ಹೇಳೋದು ಈ ಕೊನೆ ಹಂತವನ್ನ.

ಬೇಸಿಗೇಲಿ ಗಡಿ ಉತ್ತರಕ್ಕೆ ಸರಿಯತ್ತೆ, ಕುಸಿತಗಳು ಬಲ ಕಳ್ಕೊಂಡು ಹೆಚ್ಚಾಗಿ ಐಸ್‌ಲ್ಯಾಂಡ್ ಕಡೆ ಹೋಗತ್ತೆ, ಆದ್ರೆ ಪೂರ್ತಿ ನಿಲ್ಲಲ್ಲ. 2019 ಮತ್ತು 2021ರ ಆ ಕ್ರಿಕೆಟ್ ದಿನಗಳಲ್ಲಿ ಆಗಿದ್ದೂ ಇಷ್ಟೇ, ಬೇಸಿಗೆ ಅಂತ ದಾರಿ ಮುಚ್ಚಿರಲಿಲ್ಲ.

ಬೆಟ್ಟದ ಆಚೆ, ಬೆಟ್ಟದ ಈಚೆ

ಇಂಗ್ಲೆಂಡಲ್ಲಿ ಎಷ್ಟು ಮಳೆ ಅಂತ ಕೇಳೋದು ಕರ್ನಾಟಕದಲ್ಲಿ ಎಷ್ಟು ಮಳೆ ಅಂತ ಕೇಳಿದ ಹಾಗೆ, ಯಾವ ಊರು ಅಂತ ಹೇಳದೆ ಉತ್ತರ ಇಲ್ಲ. ಆಗುಂಬೆಯಲ್ಲಿ 7000 ಮಿ.ಮೀ. ದಾಟತ್ತೆ, ಘಟ್ಟ ಇಳಿದು ಪೂರ್ವಕ್ಕೆ ಬಂದು ಚಳ್ಳಕೆರೆ ಮುಟ್ಟೋಷ್ಟರಲ್ಲಿ ಐನೂರಕ್ಕೂ ತತ್ವಾರ. ಕಾರಣ ನಮಗೆಲ್ಲ ಗೊತ್ತಿರೋದೇ, ಅರಬ್ಬೀ ಸಮುದ್ರದ ಗಾಳಿ ಘಟ್ಟ ಹತ್ತುವಾಗ ತಣ್ಣಗಾಗಿ ನೀರು ಇಳಿಸಿಬಿಡತ್ತೆ, ಆಚೆ ಇಳಿಯುವಾಗ ಒಣಗಿರತ್ತೆ, ಅದು ಮಳೆ ನೆರಳಿನ ಪ್ರದೇಶ. ಅಲ್ಲೂ ಅದೇ ಕಥೆ, ಅಲ್ಲೂ ಗಾಳಿ ಪಶ್ಚಿಮದಿಂದಲೇ.

ಇಂಗ್ಲೆಂಡಿನ ವಾಯುವ್ಯದಲ್ಲಿ ಲೇಕ್ ಡಿಸ್ಟ್ರಿಕ್ಟ್ ಅನ್ನೋ ಬೆಟ್ಟದ ಸೀಮೆ ಇದೆ, ಅದರೊಳಗೆ ಸೀತ್‌ವೇಟ್ ಅನ್ನೋ ಪುಟ್ಟ ಊರು, ನಾಲ್ಕಾರು ಮನೆ, ಕುರಿ ಸಾಕೋರು. ಅಲ್ಲಿ ವರ್ಷಕ್ಕೆ 3300 ಮಿ.ಮೀ. ಮೀರಿ ಬೀಳತ್ತೆ, ಜನ ವಾಸ ಇರೋ ಜಾಗಗಳಲ್ಲಿ ಇಂಗ್ಲೆಂಡಿಗೇ ಹೆಚ್ಚು ಅಂತ ಹೆಸರು. ಅಲ್ಲಿಂದ ಪೂರ್ವಕ್ಕೆ ನೂರು ನೂರಿಪ್ಪತ್ತು ಕಿಲೋಮೀಟರ್ ದೂರದ ನ್ಯೂಕಾಸಲ್‌ನಲ್ಲಿ 650ರ ಆಸುಪಾಸು. ವೇಲ್ಸ್‌ನ ಕ್ರಿಬ್ ಗಾಕ್ ಶಿಖರದಲ್ಲಿ 4000 ದಾಟತ್ತೆ, ಇತ್ತ ಇಂಗ್ಲೆಂಡಿನ ಪೂರ್ವ ಅಂಚಿನ ಎಸೆಕ್ಸ್‌ನ ಕೆಲವು ಊರುಗಳಲ್ಲಿ 550 ಕೂಡ ಆಗಲ್ಲ. ಗ್ಲಾಸ್ಗೋ ಎಡಿನ್‌ಬರೋ ನಡುವೆ ಟ್ರೈನಲ್ಲಿ ಒಂದು ಗಂಟೆ ಅಷ್ಟೇ, ಆದ್ರೆ ಗ್ಲಾಸ್ಗೋಗೆ 1100 ದಾಟಿದ್ರೆ ಎಡಿನ್‌ಬರೋಗೆ ಸುಮಾರು 700. ನಾರ್ವೆಯಲ್ಲಿ ಇದು ಇನ್ನೂ ಜೋರಾಗಿ ಕಾಣತ್ತೆ, ಸಮುದ್ರದ ಪಕ್ಕ ಬೆಟ್ಟಗಳ ಮಡಿಲಲ್ಲಿರೋ ಬರ್ಗೆನ್‌ಗೆ 2200ಕ್ಕೂ ಹೆಚ್ಚು, ಬೆಟ್ಟ ಸಾಲಿನ ಹಿಂದೆ ಒಳನಾಡಿನ ಶೋಕ್ ಅನ್ನೋ ಕಣಿವೆಗೆ 300 ಮಿ.ಮೀ. ಕೂಡ ಇಲ್ಲ, ಅಲ್ಲಿನ ರೈತರು ಬೆಟ್ಟದ ಹೊಳೆಯಿಂದ ಕಾಲುವೆ ತೆಗೆದು ಹೊಲಕ್ಕೆ ನೀರು ಹಾಯಿಸೋದು ಹಿಂದಿನಿಂದ ಬಂದ ಪದ್ಧತಿ.

ನೆದರ್ಲೆಂಡ್ಸ್‌ನಲ್ಲಿ ಬೆಟ್ಟವೇ ಇಲ್ಲ, ಹಾಗಾಗಿ ಊರಿಂದ ಊರಿಗೆ ಅಷ್ಟು ವ್ಯತ್ಯಾಸ ಇಲ್ಲ.

ಕಾಲೇಜಿಗೋ ಕೆಲಸಕ್ಕೋ ಊರು ಆರಿಸೋವಾಗ ದೇಶದ ಹೆಸರು ನೋಡೋದಕ್ಕಿಂತ ಆ ಊರು ಬೆಟ್ಟದ ಪಶ್ಚಿಮಕ್ಕಿದ್ಯಾ ಪೂರ್ವಕ್ಕಿದ್ಯಾ ನೋಡಿದ್ರೆ ಮಳೆ ಬಗ್ಗೆ ಹೆಚ್ಚು ಗೊತ್ತಾಗತ್ತೆ. ಐರ್ಲೆಂಡಿನ ಪೂರ್ವದ ಡಬ್ಲಿನ್, ಪಶ್ಚಿಮದ ಗಾಲ್ವೇ ನಡುವಿನ ವ್ಯತ್ಯಾಸವೂ ಇದೇ ಥರ.

ಅಷ್ಟು ಉತ್ತರದಲ್ಲಿದ್ರೂ ಹಿಮ ಯಾಕಿಲ್ಲ, ಮಳೆ ಯಾಕೆ?

ಗ್ಲಾಸ್ಗೋ ಮತ್ತು ಕೆನಡಾದ ಲ್ಯಾಬ್ರಡಾರ್ ಕರಾವಳಿಯ ನೇನ್ ಅನ್ನೋ ಊರು ಹೆಚ್ಚುಕಮ್ಮಿ ಒಂದೇ ಅಕ್ಷಾಂಶದಲ್ಲಿವೆ, ನಡುವೆ ಅಟ್ಲಾಂಟಿಕ್. ಜನವರಿಯಲ್ಲಿ ಗ್ಲಾಸ್ಗೋದ ಸರಾಸರಿ ಉಷ್ಣಾಂಶ 4 ಡಿಗ್ರಿ, ನೇನ್‌ನಲ್ಲಿ ಮೈನಸ್ 15ಕ್ಕಿಂತಲೂ ಕೆಳಗೆ. ಒಂದು ಕಡೆ ಮಳೆ, ಇನ್ನೊಂದು ಕಡೆ ಸಮುದ್ರವೇ ಹೆಪ್ಪುಗಟ್ಟಿರತ್ತೆ.

ಶಾಲೆಯಲ್ಲಿ ನಮಗೆ ಕಲಿಸಿದ್ದು ಗಲ್ಫ್ ಸ್ಟ್ರೀಮ್ ಅನ್ನೋ ಬಿಸಿನೀರಿನ ಪ್ರವಾಹ ಬಂದು ಯುರೋಪನ್ನ ಬೆಚ್ಚಗಿಡತ್ತೆ ಅಂತ. ಅದು ಸುಳ್ಳಲ್ಲ, ಆದ್ರೆ ಪೂರ್ತಿ ಉತ್ತರ ಅಲ್ಲ. ಸಮುದ್ರದ ಗುಣ ಅಂದ್ರೆ ಬಚ್ಚಲ ಮನೆ ಹಂಡೆ ಥರ, ಬೆಂಕಿ ಆರಿ ಎಷ್ಟೋ ಹೊತ್ತಾದ್ರೂ ಒಳಗಿನ ನೀರು ಬೆಚ್ಚಗಿರತ್ತೆ. ಬೇಸಿಗೆಯಲ್ಲಿ ಅಟ್ಲಾಂಟಿಕ್ ಹೀರಿಕೊಂಡ ಬಿಸಿಯನ್ನ ಚಳಿಗಾಲ ಪೂರ್ತಿ ನಿಧಾನಕ್ಕೆ ಗಾಳಿಗೆ ಬಿಡ್ತಾ ಹೋಗತ್ತೆ, ಪಶ್ಚಿಮದ ಗಾಳಿ ಅದನ್ನ ಹೊತ್ಕೊಂಡು ಬಂದು ಯುರೋಪಿನ ಮೇಲೆ ಹಾಕತ್ತೆ. ನೇನ್‌ಗೆ ಅದೇ ಪಶ್ಚಿಮ ಗಾಳಿ ಬರೋದು ಹೆಪ್ಪುಗಟ್ಟಿದ ಕೆನಡಾ ನೆಲದ ಮೇಲಿಂದ. ಇದರ ಜೊತೆಗೆ ಅಮೆರಿಕದ ರಾಕಿ ಪರ್ವತ ಸಾಲು ಆ ಗಾಳಿಯ ದಾರಿಯನ್ನೇ ಬಗ್ಗಿಸಿ, ಅಮೆರಿಕದ ಪೂರ್ವಕ್ಕೆ ವಾಯುವ್ಯದ ಚಳಿ ಗಾಳಿನೂ ಯುರೋಪಿಗೆ ನೈರುತ್ಯದ ಬೆಚ್ಚನೆ ಗಾಳಿನೂ ಬರೋ ಹಾಗೆ ಮಾಡತ್ತೆ. 2002ರಲ್ಲಿ ಹವಾಮಾನ ವಿಜ್ಞಾನಿ ರಿಚರ್ಡ್ ಸೀಗರ್ ಮತ್ತು ಅವರ ಜೊತೆಗಾರರು ಲೆಕ್ಕ ಹಾಕಿ, ಅಟ್ಲಾಂಟಿಕ್‌ನ ಎರಡು ದಡಗಳ ನಡುವಿನ ಚಳಿಗಾಲದ ವ್ಯತ್ಯಾಸಕ್ಕೆ ಸಾಗರ ಪ್ರವಾಹಕ್ಕಿಂತ ಇವೇ ದೊಡ್ಡ ಕಾರಣ ಅಂದ್ರು. ಪ್ರವಾಹದ ಪಾಲು ಎಷ್ಟು ಅನ್ನೋ ಬಗ್ಗೆ ವಿಜ್ಞಾನಿಗಳ ನಡುವೆ ಚರ್ಚೆ ನಿಂತಿಲ್ಲ, ಆದ್ರೆ ಉತ್ತರ ನಾರ್ವೆಯ ಕರಾವಳಿ ಚಳಿಗಾಲದಲ್ಲೂ ಹೆಪ್ಪುಗಟ್ಟದೆ ಇರೋದರಲ್ಲಿ ಅದರ ಕೈ ಇದೆ ಅನ್ನೋದು ಒಪ್ಪಿರೋ ಮಾತು.

ಬೆಚ್ಚನೆ ಗಾಳಿ ಹೆಚ್ಚು ಆವಿ ಹಿಡ್ಕೊಳ್ಳತ್ತೆ, ಸಾವಿರಾರು ಕಿಲೋಮೀಟರ್ ಸಮುದ್ರದ ಮೇಲೆ ಬಂದ ಗಾಳೀಲಿ ಆವಿಗೆ ಕೊರತೆ ಇರಲ್ಲ. ಚಳಿಗಾಲ ಒದ್ದೆಯಾಗಿರೋದು ಹೀಗೆ.

ಭಾರತದ ಮುಂಗಾರು ಹುಡುಕಲು ಹೊರಟವರು ಕಂಡುಕೊಂಡಿದ್ದು

ಇಲ್ಲಿ ನಮ್ಮ ದೇಶಕ್ಕೆ ನೇರ ಸಂಬಂಧ ಇರೋ ಒಂದು ಸಂಗತಿ ಬರತ್ತೆ, ಇದು ನನಗೆ ತುಂಬಾ ಇಷ್ಟವಾದದ್ದು. 1899ರಲ್ಲಿ ಮುಂಗಾರು ಕೈಕೊಟ್ಟು ದೊಡ್ಡ ಬರ ಬಂದ ಮೇಲೆ, ಮುಂಗಾರನ್ನ ಮೊದಲೇ ಹೇಳೋಕೆ ಆಗತ್ತಾ ಅನ್ನೋ ಪ್ರಶ್ನೆ ಸರ್ಕಾರವನ್ನ ಕಾಡ್ತಿತ್ತು. 1904ರಲ್ಲಿ ಗಿಲ್ಬರ್ಟ್ ವಾಕರ್ ಅನ್ನೋ ಗಣಿತಜ್ಞ ಭಾರತದ ಹವಾಮಾನ ಇಲಾಖೆಯ ಮುಖ್ಯಸ್ಥರಾಗಿ ಬಂದ್ರು, 1924ರವರೆಗೂ ಇದ್ರು. ಕಂಪ್ಯೂಟರ್ ಇಲ್ಲದ ಕಾಲ, ಪ್ರಪಂಚದ ಬೇರೆ ಬೇರೆ ಊರಿನ ಒತ್ತಡ, ಮಳೆ, ಉಷ್ಣಾಂಶದ ಅಂಕಿಗಳನ್ನ ಇಲ್ಲಿನ ಗುಮಾಸ್ತರು ಕೈಯಲ್ಲೇ ಕೂಡಿ ಕಳೆದು ಯಾವುದಕ್ಕೂ ಯಾವುದಕ್ಕೂ ಸಂಬಂಧ ಅಂತ ಹುಡುಕಿದ್ರು. ಆ ಲೆಕ್ಕದಲ್ಲಿ ಪೆಸಿಫಿಕ್ ಸಾಗರ ಬಿಸಿಯಾಗೋ ಎಲ್ ನಿನೋ ಜೊತೆ ಸೇರಿರೋ ದಕ್ಷಿಣದ ಏರಿಳಿತ ಸಿಕ್ತು, ಜೊತೆಗೆ ಯುರೋಪಿನ ಚಳಿಗಾಲವನ್ನ ಆಳೋ ಉತ್ತರ ಅಟ್ಲಾಂಟಿಕ್ ಏರಿಳಿತವೂ ಸಿಕ್ತು, ಎರಡಕ್ಕೂ ಹೆಸರಿಟ್ಟವರು ವಾಕರ್ ಅವರೇ.

ಈ ಅಟ್ಲಾಂಟಿಕ್ ಏರಿಳಿತ ಏನು ಅಂದ್ರೆ, ಐಸ್‌ಲ್ಯಾಂಡ್ ಹತ್ತಿರ ಸಾಮಾನ್ಯವಾಗಿ ಕಡಿಮೆ ಒತ್ತಡ ಇರತ್ತೆ, ದಕ್ಷಿಣದಲ್ಲಿ ಅಜೋರ್ಸ್ ದ್ವೀಪಗಳ ಹತ್ತಿರ ಹೆಚ್ಚು ಒತ್ತಡ. ಎರಡರ ನಡುವೆ ಅಂತರ ಜಾಸ್ತಿ ಆದ ಚಳಿಗಾಲದಲ್ಲಿ ಪಶ್ಚಿಮದ ಗಾಳಿ ಬಲವಾಗಿ ಬೀಸತ್ತೆ, ಬ್ರಿಟನ್, ನಾರ್ವೆಗೆ ಮಳೆ ಮೇಲೆ ಮಳೆ, ಚಳಿ ಕಡಿಮೆ, ಸ್ಪೇನ್ ಪೋರ್ಚುಗಲ್ ಒಣ. ಅಂತರ ಕಡಿಮೆ ಆದ್ರೆ ಗಾಳಿ ಸೋಲತ್ತೆ, ಮಳೆ ದಾರಿ ದಕ್ಷಿಣಕ್ಕೆ ಸರಿದು ಸ್ಪೇನ್ ಒದ್ದೆಯಾಗತ್ತೆ, ಉತ್ತರದ ಕೊರೆಯೋ ಗಾಳಿ ಬ್ರಿಟನ್‌ಗೆ ನುಗ್ಗತ್ತೆ. 2009-10ರ ಚಳಿಗಾಲ ಹಾಗಾಯ್ತು, ಬ್ರಿಟನ್‌ಗೆ ಮೂವತ್ತು ವರ್ಷದಲ್ಲೇ ಜೋರಾದ ಚಳಿ. ನಾಲ್ಕು ವರ್ಷ ಬಿಟ್ಟು 2013-14ರಲ್ಲಿ ಜೆಟ್ ಸ್ಟ್ರೀಮ್ ವಿಪರೀತ ಬಲ ತಗೊಂಡು ಒಂದರ ಹಿಂದೆ ಒಂದು ಕುಸಿತ ತಂದು ಹಾಕ್ತು, ಇಂಗ್ಲೆಂಡ್ ವೇಲ್ಸ್‌ನ ಮಳೆ ದಾಖಲೆ 1766ರಿಂದ ಇದೆ, ಅಷ್ಟರಲ್ಲೇ ಅತಿ ಒದ್ದೆ ಚಳಿಗಾಲ ಅದು.

ದಾರಿ ಸರಿದಾಗ, ದಾರಿ ನಿಂತಾಗ

ಇಷ್ಟು ಓದಿದ್ಮೇಲೆ ಅಲ್ಲಿನ ಬರಕ್ಕೂ ಪ್ರವಾಹಕ್ಕೂ ಮೂಲ ಒಂದೇ ಅನ್ನೋದು ಹೊಳೆದಿರತ್ತೆ, ಮಳೆ ತರೋ ದಾರಿ ಎಲ್ಲಿದೆ ಮತ್ತು ಅದು ಅಲ್ಲೇ ಎಷ್ಟು ದಿನ ನಿಲ್ಲತ್ತೆ ಅನ್ನೋದು.

2015ರ ಡಿಸೆಂಬರ್ 5ರಂದು ಡೆಸ್ಮಂಡ್ ಅನ್ನೋ ಬಿರುಗಾಳಿ ಜೊತೆ ಅಟ್ಲಾಂಟಿಕ್‌ನ ದೂರದ ನೈರುತ್ಯದಿಂದ ಆವಿ ತುಂಬಿದ ಗಾಳಿಯ ಉದ್ದನೆ ಪಟ್ಟಿಯೊಂದು ಬಂತು, ಇಂಥದ್ದನ್ನ ವಾತಾವರಣದ ನದಿ ಅಂತಾರೆ. ಅದು ಲೇಕ್ ಡಿಸ್ಟ್ರಿಕ್ಟ್ ಬೆಟ್ಟಗಳಿಗೆ ಸರಿಯಾಗಿ ಎದುರಾಗಿ ಗಂಟೆಗಟ್ಟಲೆ ಜಾಗ ಬಿಟ್ಟು ಕದಲಲಿಲ್ಲ. ಸೀತ್‌ವೇಟ್ ಪಕ್ಕದ ಹಾನಿಸ್ಟರ್ ಪಾಸ್‌ನಲ್ಲಿ 24 ಗಂಟೇಲಿ 341.4 ಮಿ.ಮೀ. ಬಿತ್ತು, ಬ್ರಿಟನ್ನಿನ ದಾಖಲೆ ಅದು. ಆಗುಂಬೆ ಕಡೆಯವರು ಇಂಥ ದಿನ ನೋಡಿದ್ದಾರೆ, ಆದ್ರೆ ಅಲ್ಲಿ ಅದಕ್ಕೂ ಮೊದಲಿನ ವಾರಗಳ ಮಳೆಗೆ ನೆಲ ಪೂರ್ತಿ ಕುಡಿದು ಕೂತಿತ್ತು, ಬಿದ್ದ ನೀರೆಲ್ಲ ನೇರ ಹೊಳೆಗೆ ಇಳೀತು. ಕಾರ್ಲೈಲ್, ಕೆಂಡಲ್, ಕಾಕರ್‌ಮೌತ್ ಊರುಗಳಿಗೆ ನೀರು ನುಗ್ತು, ಲ್ಯಾಂಕಾಸ್ಟರ್‌ನಲ್ಲಿ ಕರೆಂಟ್ ಸಬ್‌ಸ್ಟೇಷನ್ ಮುಳುಗಿ ಹತ್ತಾರು ಸಾವಿರ ಮನೆ ಕತ್ತಲಾಯ್ತು.

2021ರ ಜುಲೈನಲ್ಲಿ ಇನ್ನೊಂದು ಥರ. ಒಂದು ಕುಸಿತ ಜೆಟ್ ಸ್ಟ್ರೀಮ್‌ನಿಂದ ಕಳಚ್ಕೊಂಡು ಜರ್ಮನಿ, ಬೆಲ್ಜಿಯಂ ಮೇಲೆ ನಿಂತುಬಿಡ್ತು, ಮುಂದೆ ತಳ್ಳೋರು ಯಾರೂ ಇಲ್ಲ. ಜರ್ಮನಿಯ ಆರ್ ನದಿ ಹರಿಯೋದು ಕಡಿದಾದ ಕಿರಿದು ಕಣಿವೇಲಿ, ಎರಡೂ ದಡಕ್ಕೆ ಅಂಟಿ ಮನೆಗಳು. ಜುಲೈ 14ರ ರಾತ್ರಿ ನೀರು ಏರಿದ ವೇಗಕ್ಕೆ ಜನಕ್ಕೆ ಮಹಡಿ ಹತ್ತೋಕೂ ಟೈಮ್ ಸಿಗಲಿಲ್ಲ. ಜರ್ಮನಿಯಲ್ಲಿ 180ಕ್ಕೂ ಹೆಚ್ಚು, ಬೆಲ್ಜಿಯಂನಲ್ಲಿ 40ರ ಹತ್ತಿರ ಜನ ತೀರ್ಕೊಂಡ್ರು. ಅಷ್ಟು ಮುಂದುವರಿದ ದೇಶಗಳಲ್ಲಿ ಒಂದು ಮಳೆಗೆ ಇಷ್ಟು ಜೀವ ಹೋಯ್ತು ಅನ್ನೋದನ್ನ ಇವತ್ತಿಗೂ ಒಪ್ಕೊಳ್ಳೋದು ಕಷ್ಟ.

ಕುಸಿತದ ಬದಲು ಹೆಚ್ಚು ಒತ್ತಡದ ಗಾಳಿ ಹೀಗೆ ನಿಂತ್ರೆ ಬರ. ಬರೋ ಕುಸಿತಗಳನ್ನೆಲ್ಲ ಅದು ಸುತ್ತು ಬಳಸಿ ಕಳಿಸತ್ತೆ. 2022ರ ಬೇಸಿಗೆ ಹಾಗಿತ್ತು, ಇಂಗ್ಲೆಂಡಿಗೆ 1935ರ ನಂತರದ ಅತಿ ಒಣ ಜುಲೈ, ಆ 19ನೇ ತಾರೀಕು ಲಿಂಕನ್‌ಶೈರ್‌ನ ಕಾನಿಂಗ್ಸ್‌ಬಿಯಲ್ಲಿ 40.3 ಡಿಗ್ರಿ, ಬ್ರಿಟನ್ 40 ದಾಟಿದ್ದು ಅದೇ ಮೊದಲು. ಜರ್ಮನಿಯಲ್ಲಿ ರೈನ್ ನದಿ ಬತ್ತಿ ಸರಕು ದೋಣಿಗಳು ಅರ್ಧಂಬರ್ಧ ಲೋಡ್ ಹಾಕ್ಕೊಂಡು ಓಡಾಡಿದ್ವು. ಅದಾದ ಮೇಲಿನ ಒಂದೂವರೆ ವರ್ಷ, ಅಂದ್ರೆ 2022ರ ಅಕ್ಟೋಬರ್‌ನಿಂದ 2024ರ ಮಾರ್ಚ್‌ವರೆಗೆ, ಇಂಗ್ಲೆಂಡಿನ ದಾಖಲೆಯಲ್ಲೇ ಅತಿ ಹೆಚ್ಚು ಮಳೆ ಬಿದ್ದ ಹದಿನೆಂಟು ತಿಂಗಳು ಅನ್ನಿಸ್ಕೊಳ್ತು. ರೈತರು ಒಂದು ವರ್ಷ ನೀರಿಲ್ಲ ಅಂತ ಕೂತ್ರು, ಮುಂದಿನ ವರ್ಷ ಹೊಲಕ್ಕೆ ಟ್ರ್ಯಾಕ್ಟರ್ ಇಳಿಸೋಕೆ ಆಗದೆ ಕೂತ್ರು.

ಲಂಡನ್ ಸುತ್ತಿನ ಆಗ್ನೇಯ ಇಂಗ್ಲೆಂಡ್‌ಗೆ ಕುಡಿಯೋ ನೀರಿನ ಕಷ್ಟ ಇದೆ ಅಂದ್ರೆ ನಮ್ಮವರು ನಂಬಲ್ಲ. ಆದ್ರೆ ಅಲ್ಲಿ ಮಳೆ ಕಡಿಮೆ, ಜನ ವಿಪರೀತ, ನೀರಿನ ದೊಡ್ಡ ಪಾಲು ನೆಲದಡಿಯ ಸುಣ್ಣಕಲ್ಲಿನ ಪದರದಿಂದ ಬರತ್ತೆ, ಆ ಪದರ ತುಂಬೋದು ಚಳಿಗಾಲದ ಸೋನೆ ಮಳೆಯಿಂದ ಮಾತ್ರ. ಬೇಸಿಗೆ ಮಳೆಯನ್ನ ಗಿಡಗಳೂ ಬಿಸಿಲೂ ಸೇರಿ ಮೇಲಿಂದ ಮೇಲೇ ಮುಗಿಸಿಬಿಡತ್ತೆ. ಒಂದೆರಡು ಚಳಿಗಾಲ ಮಳೆ ಕಡಿಮೆಯಾದ್ರೆ ಸಾಕು, ಪೈಪ್ ಹಿಡಿದು ತೋಟಕ್ಕೆ ನೀರು ಬಿಡಬೇಡಿ ಅಂತ ಆರ್ಡರ್ ಬರತ್ತೆ.

ಭೂಮಿ ಬಿಸಿ ಆಗ್ತಿರೋದರಿಂದ ಏನಾಗ್ತಿದೆ

ಗಾಳಿ ಒಂದು ಡಿಗ್ರಿ ಬಿಸಿಯಾದ್ರೆ ಸುಮಾರು ಶೇಕಡಾ 7ರಷ್ಟು ಹೆಚ್ಚು ಆವಿ ಹಿಡ್ಕೊಳ್ಳಬಲ್ಲದು. ಇದು ಭೌತಶಾಸ್ತ್ರದ ನಿಯಮ, ಊಹೆ ಅಲ್ಲ. ಹಾಗಾಗಿ ಮೊದಲಿನಂಥದ್ದೇ ಕುಸಿತ ಬಂದ್ರೂ ಈಗ ಇಳಿಸೋ ನೀರು ಜಾಸ್ತಿ. 2021ರ ಆ ಜರ್ಮನಿ-ಬೆಲ್ಜಿಯಂ ಮಳೆಯನ್ನ ಪರೀಕ್ಷೆ ಮಾಡಿದ ವಿಜ್ಞಾನಿಗಳು, ಭೂಮಿ ಬಿಸಿಯಾಗಿರೋದರಿಂದ ಆ ಭಾಗದಲ್ಲಿ ಅಂಥ ಮಳೆಯ ತೀವ್ರತೆ ಶೇಕಡಾ 3ರಿಂದ 19ರಷ್ಟು ಹೆಚ್ಚಿದೆ ಅಂತ ಲೆಕ್ಕ ಕೊಟ್ರು. ಬ್ರಿಟನ್ನಿನ ಹವಾಮಾನ ಇಲಾಖೆಯ ಮುನ್ನೋಟ ಏನಂದ್ರೆ, ಒಟ್ಟಾರೆ ಚಳಿಗಾಲ ಇನ್ನೂ ಒದ್ದೆಯಾಗತ್ತೆ, ಬೇಸಿಗೆ ಇನ್ನೂ ಒಣಗತ್ತೆ, ಆದ್ರೆ ಆ ಒಣ ಬೇಸಿಗೇಲೂ ಮಳೆ ಬಂತು ಅಂದ್ರೆ ನಮ್ಮ ಕಡೆ ಥರ ಒಂದೇ ಸಲ ಸುರಿಯೋದು ಹೆಚ್ಚಾಗತ್ತೆ. ನೂರಾರು ವರ್ಷದಿಂದ ಸೋನೆ ಮಳೆಗೆ ಅಂತ ಕಟ್ಟಿದ ಚರಂಡಿಗಳಿಗೆ ಈ ಸುರಿಯೋ ಮಳೆ ಹೊಸದು.

ಜೆಟ್ ಸ್ಟ್ರೀಮ್ ಹೆಚ್ಚು ಬಳುಕತ್ತಾ, ಕುಸಿತಗಳು ಹೆಚ್ಚು ದಿನ ನಿಲ್ಲತ್ತಾ ಅನ್ನೋದರಲ್ಲಿ ವಿಜ್ಞಾನಿಗಳಲ್ಲಿ ಒಮ್ಮತ ಇಲ್ಲ. ಇನ್ನು ಗಲ್ಫ್ ಸ್ಟ್ರೀಮ್ ನಿಂತೋಗತ್ತಂತೆ ಅಂತ ವಾಟ್ಸಾಪ್‌ನಲ್ಲಿ ಬರತ್ತಲ್ಲ, ಅಲ್ಲಿ ಎರಡು ಬೇರೆ ಬೇರೆ ವಿಷಯ ಕಲಸಿಹೋಗಿದೆ. ಗಲ್ಫ್ ಸ್ಟ್ರೀಮ್‌ಗೆ ಹೆಚ್ಚಿನ ಬಲ ಕೊಡೋದು ಗಾಳಿ, ಗಾಳಿ ಇರೋವರೆಗೂ ಅದು ಇರತ್ತೆ. ಭಯ ಇರೋದು ಬೆಚ್ಚನೆ ನೀರು ಉತ್ತರಕ್ಕೆ ಹೋಗಿ, ತಣ್ಣಗಾಗಿ, ಭಾರವಾಗಿ ಆಳಕ್ಕೆ ಇಳಿದು ದಕ್ಷಿಣಕ್ಕೆ ವಾಪಸ್ ಬರೋ ದೊಡ್ಡ ಚಕ್ರದ ಬಗ್ಗೆ, ಗ್ರೀನ್‌ಲ್ಯಾಂಡಿನ ಹಿಮ ಕರಗಿ ಸಿಹಿನೀರು ಸೇರಿದ್ರೆ ಆ ಇಳಿಯೋ ಕೆಲಸ ಸೋಲತ್ತೆ. 2004ರಿಂದ ಅಟ್ಲಾಂಟಿಕ್ ಅಡ್ಡಕ್ಕೆ ಉಪಕರಣಗಳನ್ನ ಇಟ್ಟು ಅದನ್ನ ಅಳೀತಿದ್ದಾರೆ. ವಿಶ್ವಸಂಸ್ಥೆಯ ಹವಾಮಾನ ಸಮಿತಿಯ 2021ರ ವರದಿ ಪ್ರಕಾರ ಈ ಶತಮಾನದಲ್ಲಿ ಅದು ನಿಧಾನ ಆಗೋ ಸಾಧ್ಯತೆ ತುಂಬಾ ಹೆಚ್ಚು, 2100ರೊಳಗೆ ದಿಢೀರ್ ಅಂತ ಕುಸಿಯಲ್ಲ ಅನ್ನೋದಕ್ಕೆ ಮಧ್ಯಮ ಮಟ್ಟದ ಭರವಸೆ.

ಅಲ್ಲಿರೋರಿಗೆ ಮುನ್ಸೂಚನೆ ಓದೋ ಬಗೆ

ಫೋನಲ್ಲಿ ಮಳೆ ಶೇಕಡಾ 40 ಅಂತ ಬಂದ್ರೆ ಊರಿನ ಶೇಕಡಾ 40 ಭಾಗದಲ್ಲಿ ಮಳೆ ಅಂತಲೋ, ದಿನದ ಅಷ್ಟು ಹೊತ್ತು ಮಳೆ ಅಂತಲೋ ತುಂಬಾ ಜನ ತಿಳ್ಕೊಂಡಿದ್ದಾರೆ. ಅರ್ಥ ಇಷ್ಟು, ಇಂಥದ್ದೇ ಪರಿಸ್ಥಿತಿ ನೂರು ಸಲ ಬಂದ್ರೆ ನಲವತ್ತು ಸಲ ನೀವಿರೋ ಜಾಗದಲ್ಲಿ ಆ ಹೊತ್ತಿನಲ್ಲಿ ಮಳೆ ಬೀಳತ್ತೆ. ಎಷ್ಟು ಜೋರು ಅನ್ನೋದನ್ನ ಆ ಅಂಕಿ ಹೇಳಲ್ಲ, ಅದಕ್ಕೆ ಪಕ್ಕದಲ್ಲಿರೋ ಮಿ.ಮೀ. ನೋಡ್ಬೇಕು.

ಬಿಡಿ ಮೋಡದ ದಿನಗಳಲ್ಲಿ ದಿನದ ಮುನ್ಸೂಚನೆಗಿಂತ ರೇಡಾರ್ ನೋಡೋದು ಉಪಯೋಗ. ನೆದರ್ಲೆಂಡ್ಸ್‌ನಲ್ಲಿ ಸೈಕಲ್ ತೆಗೆಯೋ ಮೊದಲು ಬೌಯೆನ್‌ರಾಡಾರ್ ಅನ್ನೋ ಆಪ್ ತೆಗೆದು ಮುಂದಿನ ಎರಡು ಗಂಟೆ ಮಳೆ ಹೇಗಿದೆ ನೋಡ್ತಾರೆ, ಇಪ್ಪತ್ತು ನಿಮಿಷ ತಡೆದ್ರೆ ಒಣಗಿಕೊಂಡೇ ಆಫೀಸ್ ಸೇರಬಹುದು ಅಂತ ಗೊತ್ತಾಗತ್ತೆ. ಕೊಡೆಗಿಂತ ಟೋಪಿ ಇರೋ ಒಳ್ಳೆ ರೇನ್‌ಕೋಟ್ ತಗೊಳ್ಳಿ, ಮಳೆ ಜೊತೆ ಬರೋ ಅಟ್ಲಾಂಟಿಕ್ ಗಾಳಿಗೆ ಕೊಡೆ ಕಡ್ಡಿ ನಿಲ್ಲಲ್ಲ.

ಬಿರುಗಾಳಿಗಳಿಗೆ ಹೆಸರಿಡೋದನ್ನ ಬ್ರಿಟನ್ ಐರ್ಲೆಂಡ್ ಸೇರಿ 2015ರಲ್ಲಿ ಶುರು ಮಾಡಿದ್ರು, 2019ರಲ್ಲಿ ನೆದರ್ಲೆಂಡ್ಸ್ ಸೇರ್ಕೊಳ್ತು, ಪ್ರತಿ ಸೆಪ್ಟೆಂಬರ್‌ಗೆ ಹೊಸ ಪಟ್ಟಿ ಬರತ್ತೆ. ಎಚ್ಚರಿಕೆ ಹಳದಿ, ಕಿತ್ತಳೆ, ಕೆಂಪು ಅಂತ ಮೂರು ಮಟ್ಟ. ಹಳದಿ ಚಳಿಗಾಲದಲ್ಲಿ ಆಗಾಗ ಬರ್ತಾನೇ ಇರತ್ತೆ, ಹೊರಡೋ ಮೊದಲು ಟ್ರೈನ್ ಇದ್ಯಾ ನೋಡ್ಕೊಂಡ್ರೆ ಸಾಕು. ಕಿತ್ತಳೆ ಬಂದ್ರೆ ಆಗಲೇಬೇಕಾದ ಪ್ರಯಾಣ ಬಿಟ್ಟು ಉಳಿದದ್ದನ್ನ ಮುಂದಕ್ಕೆ ಹಾಕಿ. ಕೆಂಪು ಅಪರೂಪ, ಅದು ಬಂದ್ರೆ ಜೀವಕ್ಕೆ ಅಪಾಯ ಅಂತಲೇ ಅರ್ಥ, ಅವತ್ತು ಕ್ಲಾಸು ಶಿಫ್ಟು ಏನೇ ಇರಲಿ ಮನೆಯಿಂದ ಆಚೆ ಬರಬೇಡಿ, ಹೊಳೆ ಪಕ್ಕದ ನೆಲಮಾಳಿಗೇಲಿ ಬಾಡಿಗೆಗೆ ಇರೋರಾದ್ರೆ ರಾತ್ರಿ ಆಗೋದರೊಳಗೆ ಮೇಲಿನ ಮಹಡಿಯಲ್ಲಿರೋ ಯಾರದಾದ್ರೂ ಮನೆಗೆ ಹೋಗಿ.